ಹಳೇ ರೋಬೋಟ್‌ಗೆ ಕಂಪನಿ ನಿಲ್ಲಿಸಿದ ಪಾರ್ಟ್ ಹುಡುಕುವುದು ಹೇಗೆ?

ಹಾಸನದ ಇಂಡಸ್ಟ್ರಿಯಲ್ ಏರಿಯಾದಲ್ಲಿ ವೆಲ್ಡಿಂಗ್ ರೋಬೋಟ್, ಚೀಲ ಜೋಡಿಸುವ ರೋಬೋಟ್‌ಗಳ ರಿಪೇರಿ ನನ್ನ ಕೆಲಸ. ನಮ್ಮ ಕಡೆ ಇರುವ ರೋಬೋಟ್‌ಗಳಲ್ಲಿ ನಾನು ನೋಡುವವು ಹೆಚ್ಚಿನವು ಸೆಕೆಂಡ್ ಹ್ಯಾಂಡ್. ದೊಡ್ಡ ಕಾರ್ಖಾನೆಯವರು ತೆಗೆದುಹಾಕಿದ್ದನ್ನು ಇಲ್ಲಿನ ಸಣ್ಣ ಶೆಡ್ಡಿನವರು ತಂದು ಹಾಕಿಕೊಂಡಿರುತ್ತಾರೆ. ತಪ್ಪೇನಿಲ್ಲ, ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷದ ರೋಬೋಟ್ ಕೂಡ ದಿನಕ್ಕೆ ಎರಡು ಪಾಳಿ ದುಡಿಯುತ್ತದೆ. ತೊಂದರೆ ಶುರುವಾಗುವುದು ಒಂದು ಎಲೆಕ್ಟ್ರಾನಿಕ್ ಬೋರ್ಡ್ ಹೋದಾಗ. ಕಂಪನಿಗೆ ಫೋನ್ ಮಾಡಿದರೆ "ಆ ಪಾರ್ಟ್ ನಿಂತುಹೋಗಿದೆ" ಅನ್ನುತ್ತಾರೆ. ಆಮೇಲೆ ನನಗೆ ಫೋನ್ ಬರುತ್ತದೆ. ಚಿಕ್ಕಮಗಳೂರಿನಿಂದ, ಅರಸೀಕೆರೆಯಿಂದ, ಸಕಲೇಶಪುರದಿಂದ ಎಲ್ಲರದ್ದೂ ಒಂದೇ ಪ್ರಶ್ನೆ: ಈಗ ಏನು ಮಾಡೋದು?

ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ. ದುಡ್ಡು ಕಳೆದುಕೊಂಡವರಲ್ಲಿ ಹೆಚ್ಚಿನವರು ಮೊದಲ ಮೂರು ಹಂತ ಬಿಟ್ಟು ನೇರವಾಗಿ ಪಾರ್ಟ್ ಹುಡುಕಲು ಹೊರಟವರು.

ಕೈಯಲ್ಲಿ ಏನೇನು ಇರಬೇಕು

ಒಳ್ಳೆ ಕ್ಯಾಮೆರಾ ಇರುವ ಫೋನ್, ಟಾರ್ಚ್, ಮಲ್ಟಿಮೀಟರ್, ನಿಮ್ಮ ಕಂಟ್ರೋಲರ್ (ರೋಬೋಟನ್ನು ನಡೆಸುವ ಕಂಪ್ಯೂಟರ್ ಪೆಟ್ಟಿಗೆ) ಓದುವ ಮೆಮೊರಿ ಕಾರ್ಡ್, ಒಂದು ನೋಟ್‌ಬುಕ್, ಕೈಗೆ ಕಟ್ಟುವ ಆಂಟಿಸ್ಟ್ಯಾಟಿಕ್ ಪಟ್ಟಿ. ಈ ಪಟ್ಟಿ ನಮ್ಮ ಮೈಯಲ್ಲಿರುವ ಸ್ಥಿರ ವಿದ್ಯುತ್ತನ್ನು ಅರ್ತ್‌ಗೆ ಇಳಿಸುತ್ತದೆ. ಇದಿಲ್ಲದೆ ಬೋರ್ಡ್ ಮುಟ್ಟಿದರೆ ಚೆನ್ನಾಗಿರುವ ಚಿಪ್ ಕೂಡ ಹೋಗಬಹುದು, ಹೋಗಿದ್ದು ನಿಮಗೆ ಗೊತ್ತೂ ಆಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಈ ಎಚ್ಚರಿಕೆ. ಮೇನ್ ಆಫ್ ಮಾಡಿದ ಮೇಲೂ ಸರ್ವೋ ಆಂಪ್ಲಿಫೈಯರ್ ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಸರ್ವೋ ಆಂಪ್ಲಿಫೈಯರ್ ಅಂದರೆ ಮೋಟಾರ್‌ಗಳಿಗೆ ಅಳೆದು ಕರೆಂಟ್ ಕೊಡುವ ಪೆಟ್ಟಿಗೆ. ಇದನ್ನೇ ಡ್ರೈವ್ ಅಂತಲೂ ಕರೆಯುತ್ತಾರೆ. 200 ವೋಲ್ಟ್ ವರ್ಗದ ಡ್ರೈವ್‌ನಲ್ಲಿ ಸುಮಾರು 300 ವೋಲ್ಟ್ ಡಿಸಿ ಇರುತ್ತದೆ, 400 ವೋಲ್ಟ್ ವರ್ಗದಲ್ಲಿ 500 ದಾಟುತ್ತದೆ. ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾಯಿರಿ, ಆಮೇಲೂ ಮೀಟರ್ ಇಟ್ಟು ನೋಡಿಯೇ ಕೈ ಹಾಕಿ. ಹಾಗೆಯೇ ಮೋಟಾರ್ ಬಿಚ್ಚುವ ಮೊದಲು ರೋಬೋಟ್ ತೋಳಿಗೆ ಕೆಳಗಿನಿಂದ ಆಸರೆ ಕೊಡಿ, ಇಲ್ಲವೇ ಚೈನ್ ಬ್ಲಾಕ್‌ಗೆ ಕಟ್ಟಿ. ತೋಳನ್ನು ಹಿಡಿದಿರುವ ಬ್ರೇಕ್ ಆ ಮೋಟಾರ್ ಒಳಗೇ ಇರುತ್ತದೆ. ಮೋಟಾರ್ ಕಳಚಿ ಬಂದರೆ ತೋಳು ಬೀಳುತ್ತದೆ.

ಹಂತ 1: ರೋಬೋಟ್ ಇನ್ನೂ ಆನ್ ಆಗುತ್ತಿದ್ದರೆ ಇವತ್ತೇ ಬ್ಯಾಕಪ್ ತೆಗೆಯಿರಿ

ಪಾರ್ಟ್ ಹುಡುಕುವ ಲೇಖನದಲ್ಲಿ ಬ್ಯಾಕಪ್ ಯಾಕೆ ಅನ್ನಿಸಬಹುದು. ಪಾರ್ಟ್ ಇನ್ನೊಂದು ಸಿಗಬಹುದು, ನಿಮ್ಮ ಪ್ರೋಗ್ರಾಂ ಮತ್ತು ನಿಮ್ಮ ರೋಬೋಟಿನ ಸೆಟ್ಟಿಂಗ್ ಬೇರೆಲ್ಲೂ ಸಿಗುವುದಿಲ್ಲ. ಹೊಸ ಬೋರ್ಡ್ ಹಾಕಿದ ಮೇಲೆ ಅದಕ್ಕೆ ತುಂಬಿಸಲು ಏನೂ ಇಲ್ಲದೆ ಕೈಕಟ್ಟಿ ಕೂತ ಶೆಡ್‌ಗಳನ್ನು ನೋಡಿದ್ದೇನೆ.

ಫ್ಯಾನುಕ್ ಕಂಪನಿಯ ರೋಬೋಟ್ ಆದರೆ ಎರಡು ಬಗೆಯ ಬ್ಯಾಕಪ್ ಬೇಕು. ಒಂದು ಫೈಲ್ ಬ್ಯಾಕಪ್, ಅಂದರೆ ಪ್ರೋಗ್ರಾಂ ಮತ್ತು ಸೆಟ್ಟಿಂಗ್‌ಗಳು ಬೇರೆ ಬೇರೆ ಫೈಲ್ ಆಗಿ. ಇನ್ನೊಂದು ಇಮೇಜ್ ಬ್ಯಾಕಪ್, ಅಂದರೆ ಇಡೀ ಮೆಮೊರಿಯ ಪಡಿಯಚ್ಚು. ಕುಕಾ ಕಂಪನಿಯ ಕೆಆರ್‌ಸಿ2 ಕಂಟ್ರೋಲರ್ ಒಳಗಿರುವುದು ವಿಂಡೋಸ್ ಓಡುವ ಕಂಪ್ಯೂಟರ್, ಅದರ ಹಾರ್ಡ್ ಡಿಸ್ಕನ್ನೇ ಪೂರ್ತಿ ಕಾಪಿ ಮಾಡಿಸಿ ಇಟ್ಟುಕೊಳ್ಳಿ. ಹಾರ್ಡ್ ಡಿಸ್ಕ್ ಅಷ್ಟು ವರ್ಷ ತಿರುಗಿದೆ, ಯಾವತ್ತು ನಿಲ್ಲುತ್ತೋ ಹೇಳಲಾಗದು. ಎಬಿಬಿ ಕಂಪನಿಯ ಹಳೇ ಎಸ್4 ಸಾಲಿನ ಕಂಟ್ರೋಲರ್‌ಗಳಲ್ಲಿ ಫ್ಲಾಪಿ ಇದೆ. ಆ ಫ್ಲಾಪಿಗಳು ಇನ್ನೂ ಓದುತ್ತಿರುವಾಗಲೇ ಕಂಪ್ಯೂಟರಿಗೆ ಹಾಕಿಕೊಳ್ಳಿ, ನಮ್ಮ ಮಲೆನಾಡಿನ ತೇವಕ್ಕೆ ಫ್ಲಾಪಿ ಮೇಲೆ ಬೂಷ್ಟು ಬರುತ್ತದೆ.

ಜಾರುವ ಜಾಗ: ಈಗ ಅಂಗಡಿಯಲ್ಲಿ ಸಿಗುವ ದೊಡ್ಡ ಸಾಮರ್ಥ್ಯದ ಕಾರ್ಡನ್ನು ಹಳೇ ಕಂಟ್ರೋಲರ್ ಓದದೇ ಇರಬಹುದು. ಕಡಿಮೆ ಸಾಮರ್ಥ್ಯದ ಕಾರ್ಡ್ ಹುಡುಕಿ. ಬ್ಯಾಕಪ್ ಆದ ಮೇಲೆ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಫೈಲ್‌ಗಳು ನಿಜವಾಗಿಯೂ ಬಂದಿವೆಯಾ ನೋಡಿ.

ಹಂತ 2: ಹೋಗಿರುವುದು ಯಾವುದು ಅಂತ ಖಚಿತ ಮಾಡಿಕೊಳ್ಳಿ

ಅಲಾರಂ ತೋರಿಸಿದ ತಕ್ಷಣ ಬೋರ್ಡ್ ಹೋಗಿದೆ ಅಂದುಕೊಳ್ಳಬೇಡಿ. ಅಲಾರಂ ಹೇಳುವುದು ತೊಂದರೆ ಎಲ್ಲಿ ಕಾಣಿಸಿತು ಅಂತ, ಎಲ್ಲಿ ಶುರುವಾಯಿತು ಅಂತಲ್ಲ. ಈ ಕ್ರಮದಲ್ಲಿ ನೋಡಿ: ಒಳಬರುವ ಮೂರು ಫೇಸ್ ಸರಿ ಇದೆಯಾ, 24 ವೋಲ್ಟ್ ಪವರ್ ಸಪ್ಲೈ ಲೋಡ್ ಇರುವಾಗಲೂ 24 ಕೊಡುತ್ತಿದೆಯಾ, ಫ್ಯೂಸ್, ಫ್ಯಾನ್, ಕನೆಕ್ಟರ್, ಕೇಬಲ್. ಬೋರ್ಡ್ ಎಲ್ಲಕ್ಕಿಂತ ಕೊನೆಗೆ. ಫ್ಯಾನುಕ್ ಬೋರ್ಡ್‌ಗಳ ಮೇಲಿನ ಪುಟ್ಟ ಫ್ಯೂಸ್‌ಗೆ ಒಂದು ಕಿಟಕಿ ಇರುತ್ತದೆ, ಸುಟ್ಟರೆ ಅದರಲ್ಲಿ ಗುರುತು ಎದ್ದು ಕಾಣುತ್ತದೆ. ಟಾರ್ಚ್ ಹಾಕಿ ನೋಡಿದರೆ ಅರ್ಧ ನಿಮಿಷದ ಕೆಲಸ.

ಕೇಬಲ್ ಬಗ್ಗೆ ಒತ್ತಿ ಹೇಳುತ್ತೇನೆ. ರೋಬೋಟ್ ತೋಳಿನ ಒಳಗಿನ ಕೇಬಲ್ ದಿನಕ್ಕೆ ಸಾವಿರಾರು ಸಲ ಮಡಚಿ ಬಿಚ್ಚುತ್ತದೆ. ಒಳಗೆ ತಂತಿ ತುಂಡಾಗಿದ್ದರೂ ಮೇಲಿನ ಹೊದಿಕೆ ಚೆನ್ನಾಗಿಯೇ ಕಾಣುತ್ತದೆ. ತೋಳು ಒಂದು ಭಂಗಿಯಲ್ಲಿದ್ದಾಗ ಮಾತ್ರ ಅಲಾರಂ ಬರುತ್ತಿದ್ದರೆ ಮೊದಲ ಅನುಮಾನ ಕೇಬಲ್ ಮೇಲಿರಲಿ. ಟೀಚ್ ಪೆಂಡೆಂಟ್, ಅಂದರೆ ಕೈಯಲ್ಲಿ ಹಿಡಿದು ರೋಬೋಟ್ ಓಡಿಸುವ ಪೆಟ್ಟಿಗೆ, ಅದರ ಕೇಬಲ್ಲೂ ಹೀಗೆಯೇ. ನೆಲದ ಮೇಲೆ ಬಿದ್ದಿರುತ್ತದೆ, ಟ್ರಾಲಿ ಅದರ ಮೇಲೆಯೇ ಹೋಗುತ್ತದೆ.

ಒಂದೇ ಮಾದರಿಯ ಎರಡು ರೋಬೋಟ್ ಇದ್ದರೆ ಅನುಮಾನದ ಬೋರ್ಡನ್ನು ಇನ್ನೊಂದಕ್ಕೆ ಹಾಕಿ ನೋಡುವ ಆಸೆ ಬರುತ್ತದೆ. ಸಣ್ಣ ಬೋರ್ಡ್‌ಗಳಿಗೆ ಪರವಾಗಿಲ್ಲ. ಆಂಪ್ಲಿಫೈಯರ್ ಆದರೆ ಮೋಟಾರ್ ವೈಂಡಿಂಗ್ ಮತ್ತು ಕೇಬಲ್ ಶಾರ್ಟ್ ಆಗಿಲ್ಲ ಅಂತ ಅಳೆದ ಮೇಲಷ್ಟೇ ಮಾಡಿ. ಶಾರ್ಟ್ ಆಗಿರುವ ಮೋಟಾರ್‌ಗೆ ಒಳ್ಳೆ ಆಂಪ್ಲಿಫೈಯರ್ ಜೋಡಿಸಿದರೆ ಅದೂ ಸುಡುತ್ತದೆ, ಆಗ ನಿಂತದ್ದು ಎರಡು ರೋಬೋಟ್.

ಬ್ಯಾಟರಿ: ಬೋರ್ಡ್ ಅಂತ ಬರುವ ಎಷ್ಟೋ ಫೋನ್ ಇಲ್ಲೇ ಮುಗಿಯುತ್ತವೆ

ಪ್ರತಿ ಮೋಟಾರಿನ ಹಿಂದೆ ಎನ್‌ಕೋಡರ್ ಇರುತ್ತದೆ. ತೋಳು ಎಷ್ಟು ತಿರುಗಿದೆ ಅಂತ ಲೆಕ್ಕ ಇಡುವುದು ಅದೇ. ಮೇನ್ ಆಫ್ ಇರುವಾಗಲೂ ಆ ಲೆಕ್ಕ ಉಳಿಯಲು ಬ್ಯಾಟರಿ ಬೇಕು. ಹಲವು ಫ್ಯಾನುಕ್ ರೋಬೋಟ್‌ಗಳಲ್ಲಿ ಬುಡದಲ್ಲಿ ಡಿ ಸೈಜಿನ 1.5 ವೋಲ್ಟ್‌ನ ನಾಲ್ಕು ಸೆಲ್ ಇರುತ್ತವೆ, ಅಂಗಡಿಯಲ್ಲಿ ಸಿಗುವ ಆಲ್ಕಲೈನ್ ಸೆಲ್ಲೇ. ಸೆಲ್ ಇಳಿದರೆ ಮೊದಲು ಎಸ್‌ಆರ್‌ವಿಒ-065 ಅಲಾರಂ ಬರುತ್ತದೆ, ಅದು ಮುನ್ಸೂಚನೆ. ಅದನ್ನು ನೋಡದೆ ಬಿಟ್ಟು ಸೆಲ್ ಪೂರ್ತಿ ಸತ್ತರೆ ಎಸ್‌ಆರ್‌ವಿಒ-062 ಬರುತ್ತದೆ. ಅಷ್ಟು ಹೊತ್ತಿಗೆ ರೋಬೋಟ್ ತನ್ನ ಸೊನ್ನೆ ಎಲ್ಲಿದೆ ಅಂತ ಮರೆತಿರುತ್ತದೆ, ಮಾಸ್ಟರಿಂಗ್ ಮತ್ತೆ ಮಾಡಬೇಕು. ಮಾಸ್ಟರಿಂಗ್ ಅಂದರೆ ಪ್ರತಿ ಕೀಲನ್ನೂ ಗುರುತಿಗೆ ತಂದು ನಿಲ್ಲಿಸಿ "ಇದೇ ಸೊನ್ನೆ" ಅಂತ ಕಂಟ್ರೋಲರ್‌ಗೆ ಕಲಿಸುವುದು.

ಸೆಲ್ ಬದಲಿಸುವಾಗ ಕಂಟ್ರೋಲರ್ ಆನ್ ಇರಬೇಕು, ಎಮರ್ಜೆನ್ಸಿ ಸ್ಟಾಪ್ ಒತ್ತಿರಬೇಕು. ಇದು ಗೊತ್ತಿಲ್ಲದೆ ಆಫ್ ಮಾಡಿ ಸೆಲ್ ತೆಗೆದು ಮಾಸ್ಟರಿಂಗ್ ಕಳೆದುಕೊಂಡವರು ತುಂಬಾ ಜನ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೇಳದೇ ಕೇಳದೇ ಹೋಗುತ್ತದೆ ಅಲ್ವಾ, ಹಾಗಾಗಿ ಗುಡುಗು ಇಲ್ಲದ ದಿನ ನೋಡಿ ಈ ಕೆಲಸ ಇಟ್ಟುಕೊಳ್ಳಿ.

ಕಂಟ್ರೋಲರ್ ಒಳಗೆ ಮೆಮೊರಿಗೆ ಇನ್ನೊಂದು ಬ್ಯಾಟರಿ ಬೇರೆಯೇ ಇದೆ, ಅದು ಲಿಥಿಯಂ. ಅದು ಸತ್ತರೆ ಹೋಗುವುದು ಪ್ರೋಗ್ರಾಂ.

ಹಂತ 3: ಲೇಬಲ್ ಓದಿ, ಪೂರ್ತಿ ಓದಿ

"ಸಿಕ್ಸ್ ಆಕ್ಸಿಸ್ ಆಂಪ್ಲಿಫೈಯರ್ ಬೇಕು" ಅಂತ ಕೇಳಿದರೆ ಯಾರೂ ಸರಿಯಾದದ್ದು ಕೊಡಲಾರರು. ನಂಬರ್ ಬೇಕು. ಅದು ರೋಬೋಟಿನ ಮಾದರಿ ನಂಬರ್ ಅಲ್ಲ, ಆ ಪಾರ್ಟಿನ ಮೇಲೇ ಇರುವ ನಂಬರ್. ಫ್ಯಾನುಕ್‌ನಲ್ಲಿ ಎ06ಬಿ ಅಂತ ಶುರುವಾದರೆ ಮೋಟಾರ್ ಅಥವಾ ಆಂಪ್ಲಿಫೈಯರ್, ಎ16ಬಿ ಮತ್ತು ಎ20ಬಿ ಅಂದರೆ ಸರ್ಕ್ಯೂಟ್ ಬೋರ್ಡ್, ಎ860 ಅಂದರೆ ಎನ್‌ಕೋಡರ್. ಎಬಿಬಿಯಲ್ಲಿ 3ಎಚ್‌ಎಸಿ ಅಂತ ಶುರುವಾಗುವ ನಂಬರ್ ಇರುತ್ತದೆ, ಬೋರ್ಡ್ ಮೇಲೆ ಡಿಎಸ್‌ಕ್ಯೂಸಿ ಅಂತ ಇನ್ನೊಂದು. ಎರಡನ್ನೂ ಬರೆದುಕೊಳ್ಳಿ.

ಲೇಬಲ್ ಮೇಲೆ ವೆಲ್ಡಿಂಗ್ ಹೊಗೆಯ ಕರಿ ಕೂತಿರುತ್ತದೆ. ಉಜ್ಜಬೇಡಿ, ಅಕ್ಷರವೇ ಅಳಿಸಿ ಹೋಗುತ್ತದೆ. ಒಣ ಬಟ್ಟೆಯಿಂದ ಮೆಲ್ಲಗೆ ಒತ್ತಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ.

ಎಲ್ಲರೂ ಎಡವುವುದು ನಂಬರಿನ ಬಾಲದಲ್ಲಿ. ನಾನೂ ಒಮ್ಮೆ ಎಡವಿದ್ದೇನೆ. ಫ್ಯಾನುಕ್‌ನ ಆರ್‌ಜೆ3ಐಬಿ ಕಂಟ್ರೋಲರ್‌ಗೆ ಎ06ಬಿ-6105 ಆಂಪ್ಲಿಫೈಯರ್ ಬೇಕು ಅಂತ ಫೋನಿನಲ್ಲಿ ಹೇಳಿದೆ. ಮಾರುವವರು ಇದೆ ಅಂದರು, ಪೆಟ್ಟಿಗೆ ಬಂತು, ಅದೇ ಗಾತ್ರ, ಅದೇ ಕನೆಕ್ಟರ್. ಕೊನೆಯಲ್ಲಿ ಎಚ್ ಆದಮೇಲೆ ಬರುವ ಅಂಕಿ ಬೇರೆ. ಆ ಅಂಕಿ ಬದಲಾದರೆ ಯಾವ ಕೀಲಿಗೆ ಎಷ್ಟು ಕರೆಂಟ್ ಅನ್ನುವುದೇ ಬದಲಾಗುತ್ತದೆ. ವಾಪಸ್ ಕಳಿಸಿ ಸರಿಯಾದದ್ದು ಬರುವಷ್ಟರಲ್ಲಿ ಹನ್ನೊಂದು ದಿನ ಹೋಯಿತು. ಅವತ್ತಿನಿಂದ ಫೋನಿನಲ್ಲಿ ನಂಬರ್ ಹೇಳುವುದನ್ನು ಬಿಟ್ಟಿದ್ದೇನೆ, ಫೋಟೋ ಕಳಿಸುತ್ತೇನೆ, ಅವರ ಬಳಿ ಇರುವ ಪಾರ್ಟಿನ ಲೇಬಲ್ ಫೋಟೋವನ್ನೂ ತರಿಸಿಕೊಳ್ಳುತ್ತೇನೆ.

ಹಂತ 4: ಮೊದಲು ತಯಾರಕರನ್ನೇ ಕೇಳಿ, ಆದರೆ ಸರಿಯಾಗಿ ಕೇಳಿ

"ಹೊಸದು ಇದೆಯಾ?" ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ನಾಲ್ಕು ಪ್ರಶ್ನೆ ಬರೆದು ಇಮೇಲ್ ಮಾಡಿ. ಹೊಸದು ಇದೆಯಾ? ಇದರ ಜಾಗಕ್ಕೆ ಬಂದ ಬದಲಿ ನಂಬರ್ ಯಾವುದು? ರಿಪೇರಿ ಮಾಡಿಕೊಡುತ್ತೀರಾ? ಹಳೇದು ಕೊಟ್ಟರೆ ಎಕ್ಸ್‌ಚೇಂಜ್ ಸಿಗುತ್ತಾ? ಬದಲಿ ನಂಬರ್ ಅನ್ನುವುದು ಬಹಳ ಮುಖ್ಯ. ಹಳೇ ನಂಬರ್ ನಿಂತಿರಬಹುದು, ಅದೇ ಜಾಗದಲ್ಲಿ ಕೂರುವ ಹೊಸ ನಂಬರ್ ಇನ್ನೂ ತಯಾರಾಗುತ್ತಿರಬಹುದು.

ಗ್ರಾಹಕ ಬಳಸುವಷ್ಟು ಕಾಲ ನಿರ್ವಹಣೆ ಮಾಡುತ್ತೇವೆ ಅನ್ನುವುದು ಫ್ಯಾನುಕ್‌ನ ಘೋಷಿತ ನೀತಿ. ಎಬಿಬಿ ತನ್ನ ರೋಬೋಟ್‌ಗಳನ್ನು ಆಕ್ಟಿವ್, ಕ್ಲಾಸಿಕ್, ಲಿಮಿಟೆಡ್, ಆಬ್ಸೊಲೀಟ್ ಅಂತ ನಾಲ್ಕು ಹಂತಗಳಲ್ಲಿ ಇಡುತ್ತದೆ. ಲಿಮಿಟೆಡ್‌ಗೆ ಬಂತು ಅಂದರೆ ಪಾರ್ಟ್ ಸಿಗುವ ಭರವಸೆ ಕಡಿಮೆಯಾಗುತ್ತಿದೆ ಅಂತ ಅರ್ಥ. ನಿಮ್ಮದು ಯಾವ ಹಂತದಲ್ಲಿದೆ ಅಂತ ಈಗಲೇ ಕೇಳಿಟ್ಟುಕೊಳ್ಳಿ. ಫ್ಯಾನುಕ್, ಎಬಿಬಿ, ಯಾಸ್ಕಾವಾ ಮೂರಕ್ಕೂ ಬೆಂಗಳೂರಿನಲ್ಲಿ ಕಚೇರಿ ಇದೆ. ಅದು ನಮಗೆ ದೊಡ್ಡ ಅನುಕೂಲ, ಬೆಳಗ್ಗೆ ಹಾಸನ ಬಿಟ್ಟರೆ ಮಧ್ಯಾಹ್ನದೊಳಗೆ ಬೋರ್ಡ್ ಅವರ ಕೈಯಲ್ಲಿರುತ್ತದೆ.

ಹಂತ 5: ಪೆಟ್ಟಿಗೆ ನಿಂತಿದೆ, ಒಳಗಿನದು ನಿಂತಿಲ್ಲ

ಈ ಹಂತದಲ್ಲಿ ಉಳಿಯುವಷ್ಟು ದುಡ್ಡು ಬೇರೆಲ್ಲೂ ಉಳಿಯುವುದಿಲ್ಲ. ಕಂಪನಿ ನಿಲ್ಲಿಸಿರುವುದು ಆ ಪೂರ್ತಿ ಯೂನಿಟ್ಟನ್ನು. ಅದರೊಳಗೆ ನಿಜವಾಗಿ ಹಾಳಾಗುವ ಫ್ಯಾನ್, ಕೆಪಾಸಿಟರ್, ರಿಲೇ, ಫ್ಯೂಸ್, ಆಯಿಲ್ ಸೀಲ್, ಬೇರಿಂಗ್ ಇವೆಲ್ಲ ಎಷ್ಟೋ ಸಲ ಸಾಮಾನ್ಯ ಅಳತೆಯವು, ಇವತ್ತಿಗೂ ಸಿಗುತ್ತವೆ. ರೋಬೋಟ್ ತೋಳಿನ ಮಣಿಕಟ್ಟಿನ ಆಯಿಲ್ ಸೀಲ್ ಮೇಲೆ ಒಳವ್ಯಾಸ, ಹೊರವ್ಯಾಸ, ದಪ್ಪ ಮೂರೂ ಅಚ್ಚಾಗಿರುತ್ತವೆ. ಹಾಸನದ ಬಿ.ಎಂ. ರಸ್ತೆಯ ಬೇರಿಂಗ್ ಅಂಗಡಿಗೆ ಆ ಸೀಲನ್ನೇ ಹಿಡಿದುಕೊಂಡು ಹೋಗಿ ಕೇಳಿ.

ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಬಗ್ಗೆ ಸ್ವಲ್ಪ ತಿಳಿದುಕೊಳ್ಳಿ. ಬೋರ್ಡ್ ಮೇಲೆ ಪುಟ್ಟ ಡಬ್ಬಿಯ ಹಾಗೆ ನಿಂತಿರುತ್ತವಲ್ಲ, ಅವೇ. ಒಳಗೆ ದ್ರವ ಇರುತ್ತದೆ, ವರ್ಷಗಳು ಕಳೆದಂತೆ ಒಣಗುತ್ತದೆ. ಬಿಸಿ 10 ಡಿಗ್ರಿ ಹೆಚ್ಚಾದರೆ ಅದರ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಎಲ್ಲರೂ ಹಿಡಿಯುವ ಲೆಕ್ಕ. ಹಾಗಾಗಿ ಪ್ಯಾನೆಲ್ ಫ್ಯಾನಿನ ಜಾಲರಿ ಧೂಳು ತುಂಬಿ ಮುಚ್ಚಿದ್ದರೆ ಮೊದಲು ಸಾಯುವುದು ಇವು. ತಲೆ ಉಬ್ಬಿದೆಯಾ, ಬುಡದಲ್ಲಿ ಕಂದು ಕಲೆ ಇದೆಯಾ, ಹತ್ತಿರದಿಂದ ನೋಡಿ. ಬದಲಿಸುವಾಗ ಅದೇ ವೋಲ್ಟ್, ಅದೇ ಮೈಕ್ರೋಫ್ಯಾರಡ್, 105 ಡಿಗ್ರಿ ಅಂತ ಬರೆದಿರುವ ಒಳ್ಳೆ ಬ್ರ್ಯಾಂಡ್ ಹಾಕಿಸಿ.

ಬೋರ್ಡ್ ರಿಪೇರಿ ಮಾಡುವವರು ಬೆಂಗಳೂರಿನ ಪೀಣ್ಯದ ಕಡೆ ಇದ್ದಾರೆ. ಅವರನ್ನು ಕೇಳಬೇಕಾದದ್ದು ಒಂದೇ: ರಿಪೇರಿ ಆದ ಮೇಲೆ ಹೇಗೆ ಟೆಸ್ಟ್ ಮಾಡುತ್ತೀರಿ? ಅದೇ ಮಾದರಿಯ ಕಂಟ್ರೋಲರ್‌ಗೆ ಹಾಕಿ, ಮೋಟಾರ್ ಓಡಿಸಿ ತೋರಿಸುವವರಾದರೆ ಕೊಡಿ. "ಮೀಟರ್‌ನಲ್ಲಿ ಚೆಕ್ ಮಾಡಿದ್ದೇವೆ" ಅಂದರೆ ಬೇರೆಯವರನ್ನು ನೋಡಿ. ಡ್ರೈವ್‌ನ ಐಜಿಬಿಟಿ, ಅಂದರೆ ಮೋಟಾರ್‌ಗೆ ಕರೆಂಟ್ ಬಿಟ್ಟು ತಡೆದು ಮಾಡುವ ದೊಡ್ಡ ಸ್ವಿಚ್ಚು, ಇದರಲ್ಲಿ ಹಳೇ ಮಾಲನ್ನೇ ಹೊಸ ಗುರುತು ಹಾಕಿ ಮಾರುವುದುಂಟು. ಬಿಲ್ ಇರುವ ಅಂಗಡಿಯಿಂದಲೇ ತರಿಸಿ.

ಎರಡು ಕಡೆ ಕೈ ಹಾಕಬೇಡಿ. ಎಮರ್ಜೆನ್ಸಿ ಸ್ಟಾಪ್ ಸಾಲಿನ ರಿಲೇ, ಕಾಂಟಾಕ್ಟರ್‌ಗೆ ಹೋಲುವಂಥದ್ದು ಯಾವುದೋ ಹಾಕಬೇಡಿ, ಅದು ಜೀವದ ಪ್ರಶ್ನೆ. ಇನ್ನೊಂದು, ಸರ್ವೋ ಮೋಟಾರನ್ನು ಪಂಪ್‌ಸೆಟ್ ರಿವೈಂಡಿಂಗ್ ಮಾಡುವ ಅಂಗಡಿಗೆ ಕೊಡಬೇಡಿ. ಅವರು ಅವರ ಕೆಲಸದಲ್ಲಿ ನಿಪುಣರೇ, ಆದರೆ ಎನ್‌ಕೋಡರ್ ಬಿಚ್ಚಿ ಅದೇ ಕೋನದಲ್ಲಿ ವಾಪಸ್ ಕೂರಿಸದಿದ್ದರೆ ಮೋಟಾರ್ ಅಲುಗಾಡುತ್ತದೆ ಅಥವಾ ಹಿಡಿತ ತಪ್ಪಿ ಓಡುತ್ತದೆ.

ಹಂತ 6: ಸೆಕೆಂಡ್ ಹ್ಯಾಂಡ್, ಮತ್ತು ಇಡೀ ರೋಬೋಟ್

ಸೆಕೆಂಡ್ ಹ್ಯಾಂಡ್ ಮಾರುವವರ ಹತ್ತಿರ ಮೂರು ಕೇಳಿ: ಲೇಬಲ್ ಕಾಣುವ ಫೋಟೋ, ಅದು ಓಡುತ್ತಿರುವ ವಿಡಿಯೋ, ಬರವಣಿಗೆಯಲ್ಲಿ ವಾರಂಟಿ. ವಿಡಿಯೋದಲ್ಲಿ ಸೀರಿಯಲ್ ನಂಬರ್ ಕಾಣಬೇಕು, ಇಲ್ಲವಾದರೆ ಅದು ಯಾವ ಬೋರ್ಡಿನದೋ ಏನೋ. ವಿಡಿಯೋ ಕೊಡುವುದಿಲ್ಲ ಅಂದರೆ ಅರ್ಧ ರೇಟಿಗೆ ಕೊಟ್ಟರೂ ಬೇಡ.

ನನ್ನ ಅಭಿಪ್ರಾಯ ಕೇಳಿದರೆ, ಒಂದೊಂದೇ ಬೋರ್ಡ್ ಹುಡುಕುವುದಕ್ಕಿಂತ ಅದೇ ಕಂಟ್ರೋಲರ್ ಇರುವ ಇನ್ನೊಂದು ಹಳೇ ರೋಬೋಟನ್ನೇ ತಂದು ಮೂಲೆಯಲ್ಲಿ ನಿಲ್ಲಿಸುವುದು ಒಳ್ಳೆಯದು. ಬಿಡದಿ, ಹೊಸೂರು, ಚೆನ್ನೈ, ಪುಣೆ ಕಡೆ ವಾಹನ ಕಾರ್ಖಾನೆಗಳ ಲೈನ್ ಬದಲಾದಾಗ ಇವು ಒಟ್ಟಿಗೆ ಹೊರಬರುತ್ತವೆ. ತೋಳಿನ ಮಾದರಿ ಬೇರೆಯಾದರೂ ಕಂಟ್ರೋಲರ್ ಒಂದೇ ಪೀಳಿಗೆಯದಾದರೆ ಮೇನ್ ಬೋರ್ಡ್, ಪವರ್ ಸಪ್ಲೈ, ಪೆಂಡೆಂಟ್ ಇವೆಲ್ಲ ಹಲವು ಸಲ ಹೊಂದುತ್ತವೆ. ಆಂಪ್ಲಿಫೈಯರ್, ಮೋಟಾರ್, ಗೇರ್ ರಿಡ್ಯೂಸರ್ (ಮೋಟಾರಿನ ವೇಗ ಇಳಿಸುವ ಗೇರ್ ಪೆಟ್ಟಿಗೆ) ಇವುಗಳಿಗೆ ಮಾತ್ರ ತೋಳಿನ ಮಾದರಿಯೂ ಒಂದೇ ಆಗಿರಬೇಕು. ಕೊಳ್ಳುವಾಗ ಪೆಂಡೆಂಟ್ ಮತ್ತು ತೋಳಿಗೂ ಕಂಟ್ರೋಲರ್‌ಗೂ ಮಧ್ಯದ ಕೇಬಲ್‌ಗಳು ಇವೆಯಾ ನೋಡಿ. ಬಿಚ್ಚುವವರು ಎಷ್ಟೋ ಸಲ ಕೇಬಲ್ ಕತ್ತರಿಸಿ ತಂದಿರುತ್ತಾರೆ.

ಸತ್ತ ಬೋರ್ಡನ್ನು ಗುಜರಿಗೆ ಹಾಕಬೇಡಿ. ಎಕ್ಸ್‌ಚೇಂಜ್‌ಗೆ ಅದಕ್ಕೆ ಬೆಲೆ ಇದೆ.

ಹಂತ 7: ಹೊರದೇಶದಿಂದ ತರಿಸುವುದಾದರೆ

ಚಿಕ್ಕದಾಗಿ ಹೇಳುತ್ತೇನೆ. ಐಇಸಿ, ಅಂದರೆ ಆಮದು ರಫ್ತು ಕೋಡ್ ನಿಮ್ಮ ಫರ್ಮ್ ಹೆಸರಿನಲ್ಲಿ ಇರಬೇಕು. ಯಂತ್ರಗಳ ರಿಪೇರಿ ಮಾಡಿ ಸರಿಪಡಿಸಿದ ಬಿಡಿಭಾಗ ತರಿಸಲು, ಅದರಲ್ಲಿ ಮೂಲ ಆಯಸ್ಸಿನ ಕನಿಷ್ಠ 80 ಪರ್ಸೆಂಟ್ ಉಳಿದಿದೆ ಅಂತ ಚಾರ್ಟರ್ಡ್ ಎಂಜಿನಿಯರ್ ಕೊಟ್ಟ ಸರ್ಟಿಫಿಕೇಟ್ ಬೇಕು. ಆರ್ಡರ್ ಹಾಕುವ ಮೊದಲೇ ಕಸ್ಟಮ್ಸ್ ಏಜೆಂಟರ ಹತ್ತಿರ ಮಾತಾಡಿ, ಮಾಲು ಬಂದು ಕೂತ ಮೇಲೆ ಅಲ್ಲ. ಬೋರ್ಡ್ ಮೇಲೆ ಲಿಥಿಯಂ ಬ್ಯಾಟರಿ ಇದ್ದರೆ ತೆಗೆದು ಕಳಿಸಲು ಹೇಳಿ, ವಿಮಾನದಲ್ಲಿ ಅದಕ್ಕೆ ಕಟ್ಟುಪಾಡು ಜಾಸ್ತಿ.

ಹಂತ 8: ಪಾರ್ಟ್ ಬಂದ ಮೇಲೆ

ಬೆಂಗಳೂರಿನಿಂದ ಬಸ್ಸಿನ ಪಾರ್ಸಲ್‌ನಲ್ಲಿ ತರಿಸುವವರೇ ಹೆಚ್ಚು, ನಾನೂ ಹಾಗೆಯೇ ತರಿಸುತ್ತೇನೆ. ಆಂಟಿಸ್ಟ್ಯಾಟಿಕ್ ಕವರ್, ಅದರ ಸುತ್ತ ದಪ್ಪ ಫೋಮ್, ಗಟ್ಟಿ ಡಬ್ಬಿ ಬೇಕು ಅಂತ ಮೊದಲೇ ಹೇಳಿ. ಬರೀ ಪೇಪರ್ ಸುತ್ತಿ ಕಳಿಸಿದ ಬೋರ್ಡನ್ನು ತೆಗೆದುಕೊಳ್ಳುವ ಮೊದಲೇ ಫೋಟೋ ತೆಗೆದಿಡಿ. ಡಬ್ಬಿ ಒಡೆಯುವಾಗ ವಿಡಿಯೋ ಮಾಡಿ.

ಮಳೆಗಾಲದಲ್ಲಿ ಬಂದ ಬೋರ್ಡನ್ನು ತಕ್ಷಣ ಹಾಕಬೇಡಿ. ಒಂದು ದಿನ ಒಣ ಕೋಣೆಯಲ್ಲಿಡಿ. ಹತ್ತಾರು ವರ್ಷ ಗೋದಾಮಿನಲ್ಲಿ ಬಿದ್ದಿದ್ದ "ಹೊಸ" ಡ್ರೈವ್ ಆದರೆ ಅದರ ದೊಡ್ಡ ಕೆಪಾಸಿಟರ್‌ಗಳಿಗೆ ಒಮ್ಮೆಲೇ ಪೂರ್ತಿ ವೋಲ್ಟ್ ಕೊಡಬಾರದು, ನಿಧಾನವಾಗಿ ಏರಿಸಬೇಕು. ರಿಪೇರಿಯವರ ಹತ್ತಿರ ಇದಕ್ಕೆ ವ್ಯವಸ್ಥೆ ಇರುತ್ತದೆ, ಅವರಲ್ಲೇ ಮಾಡಿಸಿ.

ಹಳೇ ಬೋರ್ಡ್ ತೆಗೆಯುವ ಮೊದಲು ಪ್ರತಿ ಕನೆಕ್ಟರ್‌ಗೂ ಟೇಪ್ ಅಂಟಿಸಿ ನಂಬರ್ ಬರೆಯಿರಿ. ಡಿಪ್ ಸ್ವಿಚ್, ಅಂದರೆ ಬೋರ್ಡ್ ಮೇಲಿನ ಆ ಪುಟ್ಟ ಬಿಳಿ ಗುಂಡಿಗಳ ಸಾಲು, ಹಳೇದರಲ್ಲಿ ಹೇಗಿತ್ತೋ ಹೊಸದರಲ್ಲೂ ಹಾಗೇ ಇಡಿ. ಫ್ಯಾನುಕ್ ಆರ್‌ಜೆ3ಐಬಿಯ ಮೇನ್ ಬೋರ್ಡ್ ಬದಲಿಸುವಾಗ ಅದರ ಮೇಲೆ ಕೂತಿರುವ ಮೆಮೊರಿ ಮಾಡ್ಯೂಲನ್ನು ಹಳೇ ಬೋರ್ಡಿನಿಂದ ತೆಗೆದು ಹೊಸದಕ್ಕೆ ಹಾಕಬೇಕು. ನಿಮ್ಮ ಸಾಫ್ಟ್‌ವೇರ್ ಇರುವುದು ಅದರಲ್ಲಿ. ಇದನ್ನು ಮರೆತು ಹಳೇ ಬೋರ್ಡನ್ನು ಎಕ್ಸ್‌ಚೇಂಜ್‌ಗೆ ಕೊಟ್ಟುಬಿಟ್ಟರೆ ಬ್ಯಾಕಪ್ ಒಂದೇ ದಾರಿ.

ಮೊದಲ ಸಲ ಓಡಿಸುವಾಗ ಶೇಕಡ 5, 10ರ ವೇಗದಲ್ಲಿ, ಒಂದೊಂದೇ ಕೀಲು, ಬೇಲಿಯೊಳಗೆ ಯಾರೂ ಇಲ್ಲದೆ. ಸೊನ್ನೆ ಗುರುತುಗಳು ಕೂಡುತ್ತವಾ ನೋಡಿದ ಮೇಲೆ ಪ್ರೋಗ್ರಾಂ ಹಾಕಿ.

ಹಂತ 9: ಒಂದು ಕಪಾಟು ಮಾಡಿಡಿ

ರೋಬೋಟ್ ಚೆನ್ನಾಗಿ ಓಡುತ್ತಿರುವಾಗ ಪಾರ್ಟ್ ಹುಡುಕಿದರೆ ಚೌಕಾಸಿ ಮಾಡಲು ಸಮಯ ಇರುತ್ತದೆ. ಲೈನ್ ನಿಂತ ಮೇಲೆ ಮಾರುವವರು ಹೇಳಿದ್ದೇ ರೇಟು. ಎಲ್ಲ ಪಾರ್ಟ್ ಕೊಂಡಿಡಬೇಕು ಅಂತಲ್ಲ. ಎರಡು ಸೆಟ್ ಬ್ಯಾಟರಿ, ಎಲ್ಲ ಬಗೆಯ ಫ್ಯೂಸ್, ಪ್ಯಾನೆಲ್ ಫ್ಯಾನ್, 24 ವೋಲ್ಟ್ ಪವರ್ ಸಪ್ಲೈ, ಪೆಂಡೆಂಟ್ ಕೇಬಲ್ ಒಂದು. ಕೈಯಲ್ಲಿ ದುಡ್ಡಿದ್ದಾಗ ಒಂದು ಆಂಪ್ಲಿಫೈಯರ್. ಬ್ಯಾಟರಿ ಮಾತ್ರ ಹೆಚ್ಚು ಕೊಂಡಿಡಬೇಡಿ, ಇಟ್ಟಲ್ಲೇ ಇಳಿಯುತ್ತದೆ.

ಕಪಾಟು ಕಬ್ಬಿಣದ್ದಾಗಲಿ, ಹೊರಗೋಡೆಗೆ ಅಂಟಿ ಬೇಡ. ಸಕಲೇಶಪುರ, ಮೂಡಿಗೆರೆ ಕಡೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೋರ್ಡ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಬಣ್ಣ ಬದಲಾದರೆ ಬದಲಿಸಿ. ವಾರಗಟ್ಟಲೆ ರಜೆ ಇದ್ದರೂ ಕಂಟ್ರೋಲರನ್ನು ಆಗಾಗ ಆನ್ ಮಾಡಿ ಒಂದೆರಡು ಗಂಟೆ ಬಿಡಿ, ಒಳಗಿನ ಬಿಸಿಗೆ ತೇವ ಹೋಗುತ್ತದೆ.

ಕಪಾಟಿನ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿ. ಹಂತ 3ರಲ್ಲಿ ಬರೆದುಕೊಂಡ ಎಲ್ಲ ನಂಬರ್, ಬ್ಯಾಕಪ್ ಕಾರ್ಡ್ ಎಲ್ಲಿದೆ, ಬ್ಯಾಟರಿ ಕೊನೆಗೆ ಬದಲಿಸಿದ ತಾರೀಕು. ಅದೇ ತಾರೀಕನ್ನು ಟೇಪಿನ ಮೇಲೆ ಬರೆದು ರೋಬೋಟಿನ ಬ್ಯಾಟರಿ ಮುಚ್ಚಳಕ್ಕೂ ಅಂಟಿಸಿ. ರಾತ್ರಿ ಪಾಳಿಯ ಹುಡುಗ ನಿಮಗೆ ಫೋನ್ ಮಾಡುವ ಮೊದಲು ಅದನ್ನು ನೋಡಲಿ.